ಗದ್ದಲವಿಲ್ಲದ ದ್ವೀಪ ಆರಿಸುವುದು ಹೇಗೆ? ಮೈಸೂರು, ಮಂಡ್ಯದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ದಸರಾ ಬಂತೆಂದರೆ ಮೈಸೂರಿಗೆ ಜನವೋ ಜನ. ಕುವೆಂಪುನಗರದ ನಮ್ಮ ಬೀದಿಯಲ್ಲೂ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ಆ ಹತ್ತು ದಿನ ಎಲ್ಲಾದರೂ ಸುಮ್ನೆ ಸಮುದ್ರ ನೋಡಿಕೊಂಡು ಕೂರೋಣ ಎಂದು ಒಂದು ವರ್ಷ ಅಮ್ಮ, ನನ್ನ ಹೆಂಡತಿ ಮತ್ತು ನಾನು ಅಂಡಮಾನ್‌ಗೆ ಹೋದೆವು. ಪ್ಯಾಕೇಜ್ ಟೂರು. ಆರು ರಾತ್ರಿಗೆ ನಾಲ್ಕು ಹೋಟೆಲ್. ದಿನ ಬೆಳಗಾದರೆ ಬ್ಯಾಗು ಕಟ್ಟಬೇಕು, ದೋಣಿ ಹತ್ತುವ ಜೆಟ್ಟಿಗೆ ಓಡಬೇಕು. ಎರಡು ದಿನ ಬಿಡದೆ ಮಳೆ. ಒಂದು ದಿನ ಸಮುದ್ರ ಒರಟಾಗಿ ದೋಣಿಯೇ ಹೊರಡಲಿಲ್ಲ. ಇನ್ನೊಂದು ದಿನ ಹೊರಟ ದೋಣಿಯಲ್ಲಿ ಅಮ್ಮನಿಗೆ ವಾಂತಿ. ಅಲೆಗಳ ಮುಂದೆ ನೆಮ್ಮದಿಯಾಗಿ ಕೂತದ್ದು ಒಟ್ಟು ಎರಡು ಗಂಟೆಯೂ ಇಲ್ಲ.

ಮೂರು ವರ್ಷದ ನಂತರ ಮತ್ತೆ ಅಲ್ಲಿಗೇ ಹೋದೆವು. ಈ ಸಲ ಫೆಬ್ರವರಿಯಲ್ಲಿ. ಒಂದೇ ದ್ವೀಪ, ಒಂದೇ ಕೋಣೆ, ಐದು ರಾತ್ರಿ. ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮರದ ಕೆಳಗೆ ಕೂತರೆ ತಿಂಡಿಗೆ ಕರೆಯುವ ತನಕ ಏಳುತ್ತಿರಲಿಲ್ಲ. ಎರಡು ಸಲವೂ ಸಮುದ್ರ ಅದೇ. ಬದಲಾಗಿದ್ದು ನಾವು ಹೋದ ತಿಂಗಳು ಮತ್ತು ಬ್ಯಾಗು ಕಟ್ಟಿದ ಲೆಕ್ಕ.

ಅಲ್ಲಿಂದಾಚೆಗೆ ನೆಂಟರು, ಸ್ನೇಹಿತರು ಯಾರೇ ಕೇಳಿದರೂ ನಾನು ದ್ವೀಪದ ಹೆಸರಿನಿಂದ ಶುರು ಮಾಡುವುದಿಲ್ಲ. ಹೇಗೆ ಆರಿಸಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮನೆಯವರೆಲ್ಲ ಕೂತು ಒಂದು ಮಾತು ತೀರ್ಮಾನಿಸಿ

ವಿಶ್ರಾಂತಿ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಒಬ್ಬರಿಗೆ ನೀರಿನಲ್ಲಿ ಬಿದ್ದುಕೊಂಡಿರಬೇಕು. ಇನ್ನೊಬ್ಬರಿಗೆ ನಿದ್ದೆ ಮಾಡಿದರೆ ಸಾಕು. ಮತ್ತೊಬ್ಬರಿಗೆ ಸಂಜೆ ನಾಲ್ಕು ಜನ ಓಡಾಡುವ ಬೀದಿ ಇರಲೇಬೇಕು. ನೀರಿಗೆ ಇಳಿಯುವವರು ಎಷ್ಟು ಜನ? ಮಂಡಿನೋವು ಇರುವವರು ಯಾರು? ಮೊಬೈಲ್ ಸಿಗ್ನಲ್ ಸಿಗದಿದ್ದರೆ ನಡೆಯುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗಿಯೇ ಕರಗುತ್ತದೆ.

ಹೆಜ್ಜೆ 2: ತಿಂಗಳು ಮೊದಲು, ದ್ವೀಪ ಆಮೇಲೆ

ಹೆಚ್ಚಿನವರು ಎಡವುವುದು ಇಲ್ಲೇ. ಚಿತ್ರ ನೋಡಿ ದ್ವೀಪ ಆರಿಸುತ್ತಾರೆ, ಆಮೇಲೆ ರಜೆ ಇರುವ ತಿಂಗಳಿಗೆ ಅದನ್ನು ತುರುಕುತ್ತಾರೆ. ಮಳೆಗಾಲ ಎಲ್ಲ ಕಡೆ ಒಂದೇ ಸಲ ಬರುವುದಿಲ್ಲ. ಅದನ್ನೇ ನಾವು ಉಪಯೋಗಿಸಿಕೊಳ್ಳಬೇಕು.

ಅಂಡಮಾನ್‌ಗೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ನೈಋತ್ಯ ಮಾರುತ. ಅದು ಮುಗಿಯಿತು ಎನ್ನುವಷ್ಟರಲ್ಲಿ ಈಶಾನ್ಯ ಮಾರುತ. ಹಾಗಾಗಿ ನಮ್ಮ ದಸರಾ ಸಮಯದಲ್ಲಿ ಅಲ್ಲಿ ಮಳೆ, ಗಾಳಿ ಎರಡೂ ಇರಬಹುದು. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್, ನವೆಂಬರ್ ಚಂಡಮಾರುತದ ಕಾಲವೂ ಹೌದು. ನನ್ನ ಲೆಕ್ಕದಲ್ಲಿ ಅಂಡಮಾನ್‌ಗೆ ಸರಿಯಾದ ಸಮಯ ಸಂಕ್ರಾಂತಿ ಕಳೆದ ಮೇಲಿಂದ ಯುಗಾದಿ ತನಕ. ನೀರು ತಿಳಿಯಾಗಿರುತ್ತದೆ, ಹೊಸ ವರ್ಷದ ಜನಜಂಗುಳಿ ವಾಪಸ್ ಹೋಗಿರುತ್ತದೆ.

ಲಕ್ಷದ್ವೀಪಕ್ಕೆ ಅಕ್ಟೋಬರ್‌ನಿಂದ ಮೇ ಮಧ್ಯದ ತನಕ ಒಳ್ಳೆಯ ಕಾಲ. ಮುಂಗಾರು ಕೇರಳಕ್ಕೆ ಬರುವ ಹೊತ್ತಿಗೆ ಅಲ್ಲಿ ಸಮುದ್ರ ಏಳುತ್ತದೆ, ಸಣ್ಣ ದೋಣಿಗಳ ಓಡಾಟ ನಿಲ್ಲುತ್ತದೆ. ಮಾಲ್ಡೀವ್ಸ್‌ನಲ್ಲಿ ಒಣ ಕಾಲ ಡಿಸೆಂಬರ್‌ನಿಂದ ಏಪ್ರಿಲ್.

ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಮಾತ್ರ ಬಿಡುವು ಎನ್ನುವವರಿಗೆ ಏಪ್ರಿಲ್‌ನಲ್ಲಿ ಲಕ್ಷದ್ವೀಪ ಚೆನ್ನಾಗಿರುತ್ತದೆ. ಮೇ ಆದರೆ ಶ್ರೀಲಂಕಾದ ಪೂರ್ವ ಕರಾವಳಿ. ತ್ರಿಂಕೋಮಲಿ ಹತ್ತಿರದ ನಿಲಾವೇಲಿ ಅಥವಾ ಇನ್ನೂ ದಕ್ಷಿಣಕ್ಕಿರುವ ಪಾಸಿಕುಡಾ. ನಮ್ಮಲ್ಲಿ ಆಷಾಢದ ಗಾಳಿ ಬೀಸುವಾಗಲೂ ಅಲ್ಲಿ ಬಿಸಿಲಿರುತ್ತದೆ. ಅದೇ ಶ್ರೀಲಂಕಾದ ದಕ್ಷಿಣ ಮತ್ತು ಪಶ್ಚಿಮ ದಡಗಳಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಒಂದೇ ದೇಶ, ಎರಡು ದಡ, ಎರಡು ಕಾಲ.

ಥಾಯ್ಲೆಂಡ್‌ನಲ್ಲೂ ಹೀಗೇ. ಅಂಡಮಾನ್ ಸಮುದ್ರದ ಕಡೆಯ ಕೋ ಲಾಂಟಾ, ಕೋ ಯಾವ್ ನೋಯ್ ದ್ವೀಪಗಳಿಗೆ ಮೇ ತಿಂಗಳಿಂದ ಅಕ್ಟೋಬರ್ ತನಕ ಮಳೆ. ಆ ಕಡೆ ಕೊಲ್ಲಿಯಲ್ಲಿರುವ ಕೋ ಸಮುಯಿ ಸುತ್ತಮುತ್ತ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್. ಇಂಡೋನೇಷ್ಯಾದ ಬಾಲಿ, ಲೊಂಬೊಕ್ ಕಡೆ ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ. ಅಂದರೆ ದಸರಾ ರಜೆಯಲ್ಲೇ ಹೋಗಬೇಕು, ಪಾಸ್‌ಪೋರ್ಟ್ ಇದೆ ಎನ್ನುವವರು ಆ ಕಡೆ ನೋಡಬಹುದು.

ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಎಲ್ಲೂ ಬೇಡ. ಎಲ್ಲ ಕಡೆ ಜನ, ಎಲ್ಲ ಕಡೆ ದುಪ್ಪಟ್ಟು ದರ.

ಹೆಜ್ಜೆ 3: ನಿಮ್ಮ ಮನೆ ಬಾಗಿಲಿಂದ ಎಣಿಸಿ

ಅಂಡಮಾನ್‌ಗೆ ಬೆಂಗಳೂರಿನಿಂದ ಎರಡೂವರೆ ಗಂಟೆ ವಿಮಾನ ಎಂದು ಟೂರಿನವರು ಹೇಳುತ್ತಾರೆ. ನಾವಿರುವುದು ಬೆಂಗಳೂರಿನಲ್ಲಿ ಅಲ್ಲ. ಮೈಸೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 180 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮಂಡ್ಯ, ಮದ್ದೂರು ದಾಟುವುದು ಸಲೀಸು. ಬೆಂಗಳೂರಿನೊಳಗೆ ಹೊಕ್ಕ ಮೇಲೆ ನಿಜವಾದ ಪ್ರಯಾಣ ಶುರು. ಕೆಎಸ್‌ಆರ್‌ಟಿಸಿ ಫ್ಲೈಬಸ್ ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ನಾನು ಕಾರಿಗಿಂತ ಅದನ್ನೇ ಹೇಳುತ್ತೇನೆ. ನಾಲ್ಕು ಗಂಟೆಯಾದರೂ ಕೈಯಲ್ಲಿಟ್ಟುಕೊಳ್ಳಿ. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ರಾತ್ರಿಯ ನಿದ್ದೆ ಹೋಯಿತು ಎಂದೇ ಲೆಕ್ಕ.

ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಯಾವ ದ್ವೀಪಕ್ಕೂ ನೇರ ವಿಮಾನ ಇಲ್ಲ. ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವವರು ಕೊಚ್ಚಿ ತಲುಪಬೇಕು. ಮೈಸೂರಿನಿಂದ ಮಂಡ್ಯ, ಬೆಂಗಳೂರು, ಸೇಲಂ ಬಳಸಿಕೊಂಡು ಎರ್ನಾಕುಳಂ ದಾರಿಯಲ್ಲಿ ಹೋಗುವ ರೈಲು ಇದೆ. ಸುತ್ತಾದರೂ ರಾತ್ರಿ ಮಲಗಿಕೊಂಡು ಹೋಗಬಹುದು. ಗುಂಡ್ಲುಪೇಟೆ, ವಯನಾಡು ಮೇಲೆ ಕಾರಿನಲ್ಲಿ ಹೋಗುವುದಾದರೆ ಒಂದು ವಿಷಯ ಮರೆಯಬೇಡಿ. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ. ಬೆಳಗಿನ ಹಡಗಿಗೆ ರಾತ್ರಿ ಹೊರಡುತ್ತೇನೆ ಎಂದರೆ ಆಗುವುದಿಲ್ಲ. ಒಂದು ದಿನ ಮುಂಚೆಯೇ ಕೊಚ್ಚಿ ಸೇರಿಕೊಳ್ಳಿ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಮನೆಯಿಂದ ದ್ವೀಪದ ಕೋಣೆಯ ತನಕ ಎಷ್ಟು ಸಲ ಹತ್ತಿ ಇಳಿಯಬೇಕು ಎಂದು ಬರೆಯಿರಿ. ಆಟೋ, ಬಸ್, ವಿಮಾನ, ಟ್ಯಾಕ್ಸಿ, ದೋಣಿ, ಮತ್ತೆ ಆಟೋ. ಆರು ಆಯಿತು. ವಿಚಿತ್ರ ಎಂದರೆ ಗದ್ದಲ ಕಡಿಮೆಯಾಗುವುದೂ ಇದೇ ಲೆಕ್ಕದಲ್ಲಿ. ವಿಮಾನ ಇಳಿದ ಕಡೆ ಜನ ಜಾಸ್ತಿ. ಅಲ್ಲಿಂದ ಒಂದು ದೋಣಿ ಹತ್ತಿದರೆ ಕಡಿಮೆ. ಇನ್ನೊಂದು ದೋಣಿ ಹತ್ತಿದರೆ ಬೆರಳೆಣಿಕೆ. ನಿಮ್ಮ ಮನೆಯವರಿಗೆ ಎಷ್ಟು ದೋಣಿ ತಡೆಯುತ್ತದೆ ಎಂಬುದು ನಿಮಗೇ ಗೊತ್ತು. ಅಮ್ಮನಿಗೆ ಒಂದು ದೋಣಿ ಸಾಕು. ನಾವಿಬ್ಬರೇ ಹೋದರೆ ಎರಡಕ್ಕೂ ಸಿದ್ಧ.

ಹೆಜ್ಜೆ 4: ಈಗ ದ್ವೀಪದ ಹೆಸರು

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹಿರಿಯರ ಜೊತೆ ಹೋಗುವವರಿಗೆ ನಾನು ಹೇಳುವುದು ಅಂಡಮಾನ್‌ನ ಶಹೀದ್ ದ್ವೀಪ. ಹಳೆಯ ಹೆಸರು ನೀಲ್. 2018ರ ಡಿಸೆಂಬರ್‌ನಲ್ಲಿ ಹೆಸರು ಬದಲಾಯಿತು. ಹ್ಯಾವ್ಲಾಕ್ ಸ್ವರಾಜ್ ದ್ವೀಪವಾದದ್ದೂ ಆಗಲೇ. 2024ರಲ್ಲಿ ಪೋರ್ಟ್ ಬ್ಲೇರ್‌ಗೂ ಶ್ರೀ ವಿಜಯ ಪುರಂ ಎಂದು ಹೆಸರಾಗಿದೆ. ಬುಕ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಾಬರಿಯಾಗಬೇಡಿ.

ಶಹೀದ್ ದ್ವೀಪ ನೋಡಿದರೆ ಮಂಡ್ಯ ಕಡೆಯವರಿಗೆ ಊರು ನೆನಪಾಗುತ್ತದೆ. ಗದ್ದೆ, ಬಾಳೆ, ಅಡಿಕೆ, ತರಕಾರಿ ತೋಟ. ಅಂಡಮಾನ್‌ನ ಬೇರೆ ದ್ವೀಪಗಳಿಗೆ ತರಕಾರಿ ಹೋಗುವುದೂ ಇಲ್ಲಿಂದ. ಊರುಗಳ ಹೆಸರು ಕೇಳಿದರೆ ಇನ್ನೂ ಖುಷಿ: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಸೂರ್ಯ ಹುಟ್ಟುವುದನ್ನು ಸೀತಾಪುರದಲ್ಲಿ ನೋಡಬೇಕು, ಮುಳುಗುವುದನ್ನು ಲಕ್ಷ್ಮಣಪುರದಲ್ಲಿ. ದ್ವೀಪ ಎಷ್ಟು ಚಿಕ್ಕದೆಂದರೆ ಸೈಕಲ್‌ನಲ್ಲೇ ಎರಡೂ ಕಡೆ ಹೋಗಬಹುದು. ಜೆಟ್ಟಿ ಪಕ್ಕದ ಭರತಪುರದಲ್ಲಿ ಹಗಲು ಹೊತ್ತು ಗಾಜಿನ ತಳದ ದೋಣಿ, ಜೆಟ್ ಸ್ಕೀ ಗಲಾಟೆ ಇರುತ್ತದೆ. ಬಂದವರಲ್ಲಿ ಬಹಳ ಜನ ಅದೇ ದಿನ ಅಥವಾ ಮರುದಿನ ಹೊರಟು ಬಿಡುತ್ತಾರೆ. ಮಧ್ಯಾಹ್ನದ ದೋಣಿ ಹೋದ ಮೇಲೆ ದ್ವೀಪ ಉಳಿದವರದ್ದು.

ಸ್ವರಾಜ್ ದ್ವೀಪದ ರಾಧಾನಗರ ಬೀಚನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೆಸರಿಸಿತ್ತು. ಅದಕ್ಕೇ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ನಿಜಕ್ಕೂ ಚಂದ. ಬೆಳಿಗ್ಗೆ ಏಳಕ್ಕೆ ಹೋಗಿ, ಉದ್ದಕ್ಕೆ ನಡೆದರೆ ನಿಮ್ಮ ಪಾಲಿನ ನೆಮ್ಮದಿ ಅಲ್ಲೂ ಸಿಗುತ್ತದೆ.

ಇನ್ನೂ ದೂರ ಹೋಗುವ ಧೈರ್ಯ ಇದ್ದರೆ ಲಾಂಗ್ ಐಲ್ಯಾಂಡ್ ಮತ್ತು ಅಲ್ಲಿನ ಲಾಲಾಜಿ ಬೇ ಇದೆ. ಲಿಟಲ್ ಅಂಡಮಾನ್‌ನ ಬಟ್ಲರ್ ಬೇ ಇದೆ. ಉತ್ತರದ ಡಿಗ್ಲಿಪುರದಲ್ಲಿ ರಾಸ್ ಮತ್ತು ಸ್ಮಿತ್ ಎಂಬ ಎರಡು ದ್ವೀಪಗಳ ನಡುವೆ ಮರಳಿನ ದಾರಿ ಇದೆ, ಉಬ್ಬರ ಬಂದಾಗ ಅದು ಮುಳುಗುತ್ತದೆ. ಇಲ್ಲೆಲ್ಲ ಸರ್ಕಾರಿ ಹಡಗನ್ನು ನಂಬಿಕೊಂಡಿರಬೇಕು, ಸೌಕರ್ಯ ಸಾಧಾರಣ. ವಾರಕ್ಕಿಂತ ಕಡಿಮೆ ರಜೆ ಇದ್ದರೆ ಬೇಡ. ಡಿಗ್ಲಿಪುರದ ರಸ್ತೆ ಜಾರವಾ ಎಂಬ ಆದಿವಾಸಿ ಜನರ ಕಾಡಿನ ಮೂಲಕ ಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಅದನ್ನು ಪೂರ್ತಿ ಮನಸ್ಸಿನಿಂದ ಪಾಲಿಸಿ. ಅದು ಅವರ ಮನೆ.

ಲಕ್ಷದ್ವೀಪದ ಮಾತೇ ಬೇರೆ. ಎಲ್ಲ ದ್ವೀಪಗಳನ್ನು ಸೇರಿಸಿದರೂ ನೆಲ ಬರೀ 32 ಚದರ ಕಿಲೋಮೀಟರ್. ಜನವಸತಿ ಇರುವುದು 10 ದ್ವೀಪಗಳಲ್ಲಿ. ಇಲ್ಲಿಗೆ ಹೋಗಲು ನಮಗೂ ಪರ್ಮಿಟ್ ಬೇಕು. ಪರ್ಮಿಟ್‌ನಲ್ಲಿ ಬರೆದಿರುವ ದ್ವೀಪ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ. ಈ ತೊಂದರೆಯೇ ಅಲ್ಲಿನ ಮೌನವನ್ನು ಕಾಪಾಡಿದೆ ಎಂದು ನನಗೆ ಅನಿಸುತ್ತದೆ. ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ಕೊಚ್ಚಿಯಿಂದ ಹಡಗಾದರೆ ದ್ವೀಪಕ್ಕೆ ತಕ್ಕಂತೆ 14ರಿಂದ 20 ಗಂಟೆ. ಬಂಗಾರಂನಲ್ಲಿ ಊರೇ ಇಲ್ಲ, ಪ್ರವಾಸಿಗರ ವಸತಿ ಮಾತ್ರ. ಕಡಮತ್ ಉದ್ದಕ್ಕೆ ಮರಳು ಇರುವ ದ್ವೀಪ. ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ. ಬೇರೆ ದ್ವೀಪಗಳಲ್ಲಿ ಮಲಯಾಳಂ ಹೋಲುವ ಮಾತು, ಇಲ್ಲಿ ಮಾಲ್ಡೀವ್ಸ್‌ನ ಭಾಷೆಗೆ ಹತ್ತಿರವಾದ ಮಹಲ್. ಬಂಗಾರಂ ಬಿಟ್ಟು ಉಳಿದ ಕಡೆ ಮದ್ಯ ನಿಷೇಧ. ಊರಿನ ದ್ವೀಪಗಳಲ್ಲಿ ಮೈ ತುಂಬ ಬಟ್ಟೆ ಹಾಕಿಕೊಂಡು ಓಡಾಡುವುದು ಮರ್ಯಾದೆ.

ಮಾಲ್ಡೀವ್ಸ್ ಎಂದರೆ ದುಬಾರಿ ರೆಸಾರ್ಟ್ ಎಂದೇ ನಮ್ಮ ಕಡೆ ತಿಳಿದಿದ್ದಾರೆ. ಅಲ್ಲಿನ ಜನ ವಾಸಿಸುವ ದ್ವೀಪಗಳಲ್ಲಿ ಸಣ್ಣ ಗೆಸ್ಟ್‌ಹೌಸ್‌ಗಳಿವೆ. ಖರ್ಚು ಎಷ್ಟೋ ಕಡಿಮೆ. ಮಾಫುಶಿಯಲ್ಲಿ ಜನ ಜಾಸ್ತಿ, ಅದನ್ನು ಬಿಟ್ಟುಬಿಡಿ. ಫುಲಿಧೂ, ಉಕುಲ್ಹಸ್, ಧಿಗುರಾ ಶಾಂತವಾಗಿವೆ. ತೊಡ್ಡೂ ದ್ವೀಪದಲ್ಲಿ ಕಲ್ಲಂಗಡಿ, ಪರಂಗಿ ಬೆಳೆಯುತ್ತಾರೆ. ಸಮುದ್ರದ ನಡುವೆ ತೋಟದ ದಾರಿಯಲ್ಲಿ ನಡೆಯುವ ಸುಖ ಅಲ್ಲಿ ಸಿಗುತ್ತದೆ. ನಮಗೆ ವೀಸಾ ಅಲ್ಲಿಗೆ ಹೋದ ಮೇಲೆ ಉಚಿತವಾಗಿ ಕೊಡುತ್ತಾರೆ. ಶುಕ್ರವಾರ ಅಲ್ಲಿ ವಾರದ ರಜೆ, ಸರ್ಕಾರಿ ದೋಣಿಗಳು ಸಾಮಾನ್ಯವಾಗಿ ಓಡುವುದಿಲ್ಲ. ರೆಸಾರ್ಟ್‌ಗೆ ಹೋಗುವವರು ಕೋಣೆ ದರ ಮಾತ್ರ ನೋಡಬೇಡಿ. ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ) ದರ, ತೆರಿಗೆ ಎಲ್ಲ ಸೇರಿಸಿ ಎಷ್ಟು ಎಂದು ಕೇಳಿ. ಸೀಪ್ಲೇನ್ ಹಾರುವುದು ಬೆಳಕಿರುವಾಗ ಮಾತ್ರ. ಸಂಜೆ ರಾಜಧಾನಿ ಮಾಲೆ ತಲುಪುವ ವಿಮಾನ ಹಿಡಿದರೆ ಆ ರಾತ್ರಿ ಅಲ್ಲೇ ಹಣ ಕೊಟ್ಟು ಉಳಿಯಬೇಕು.

ಲೊಂಬೊಕ್ ಪಕ್ಕದ ಮೂರು ಗಿಲಿ ದ್ವೀಪಗಳ ಬಗ್ಗೆಯೂ ಹೇಳಬೇಕು. ಮೋಟಾರು ಗಾಡಿಗಳಿಗೆ ಅಲ್ಲಿ ಅವಕಾಶವಿಲ್ಲ. ಸೈಕಲ್, ಇಲ್ಲವೇ ಕುದುರೆ ಗಾಡಿ. ಮೈಸೂರಿನವರಿಗೆ ಟಾಂಗಾ ಹೊಸದಲ್ಲ ಅಲ್ವಾ? ಗಿಲಿ ತ್ರವಾಂಗನ್ ಪಾರ್ಟಿಯವರ ಜಾಗ. ಗಿಲಿ ಮೆನೊ ತೀರ ಮೌನ. ಗಿಲಿ ಏರ್ ಎರಡರ ನಡುವೆ. ಒಂದೇ ಹೆಸರಿನ, ಕೂಗಿದರೆ ಕೇಳುವಷ್ಟು ಹತ್ತಿರದ ಮೂರು ದ್ವೀಪಗಳು ಇಷ್ಟು ಬೇರೆ ಬೇರೆ. ಹೆಸರಿನ ಮುಂದಿನ ಪದವನ್ನೂ ಓದಿ ಬುಕ್ ಮಾಡಿ.

ಪಾಸ್‌ಪೋರ್ಟ್ ಇಲ್ಲದವರಿಗೆ ಒಂದು ಮಾತು. ದೇಶದಲ್ಲೇ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಶುರುವಾದದ್ದು 2017ರಲ್ಲಿ, ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಇರುವ ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳಾದರೂ ಅವಧಿ ಉಳಿದಿರಲಿ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ದಿನ ಆ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ.

ಹೆಜ್ಜೆ 5: ಯಾವ ದಡ? ಪಂಚಾಂಗ ತೆಗೆಯಿರಿ

ದ್ವೀಪ ಗೊತ್ತಾಯಿತು. ಇನ್ನು ಅದರ ಯಾವ ದಡ ಎಂಬುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲ ಪ್ರವಾಸದಲ್ಲಿ ಸ್ವರಾಜ್ ದ್ವೀಪದ ಪೂರ್ವ ದಡದಲ್ಲಿ ನಮಗೆ ಕೋಣೆ ಕೊಟ್ಟಿದ್ದರು. ಬೀಚ್ ಎದುರಿಗೇ ಇತ್ತು. ಮಧ್ಯಾಹ್ನ ಹೋಗಿ ನೋಡಿದರೆ ನೀರು ಎಲ್ಲೋ ದೂರ. ಮುಂದೆ ಬರೀ ಕಲ್ಲು, ಸತ್ತ ಹವಳ, ಮೊಣಕಾಲು ಮುಟ್ಟದ ನೀರು. ಇಳಿತದ ಹೊತ್ತು ಅದು. ಆ ದಡ ಬೆಳಗಿನ ಬಿಸಿಲಿಗೆ, ನಡಿಗೆಗೆ ಚೆನ್ನ. ಈಜಲು ಪಶ್ಚಿಮದ ರಾಧಾನಗರಕ್ಕೇ ಹೋಗಬೇಕು.

ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರಕ್ಕೂ ಅದರ ಇಳಿತಕ್ಕೂ ಸುಮಾರು ಆರು ಗಂಟೆಯ ಅಂತರ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹಾಗಾಗಿ ಈ ವಾರ ಬೆಳಿಗ್ಗೆ ತುಂಬಿದ ಬೀಚು ಮುಂದಿನ ವಾರ ಬೆಳಿಗ್ಗೆ ಬರಿದಾಗಿರಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇದಕ್ಕೆ ಬೇರೆ ಪುಸ್ತಕ ಬೇಕಿಲ್ಲ. ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದೇ ಇರುತ್ತದೆ. ತಿಥಿ ನೋಡಿ.

ನಮ್ಮ ಮನೆಯಲ್ಲಿ ಈಗ ಹೀಗೆ ಮಾಡುತ್ತೇವೆ. ನೀರಿನಲ್ಲಿ ಆಡುವುದೇ ಮುಖ್ಯವಾದರೆ ಅಷ್ಟಮಿ ನಡುವೆ ಬರುವ ಹಾಗೆ ದಿನ ಆರಿಸುತ್ತೇವೆ. ನೀರು ಬಹಳ ದೂರ ಸರಿಯುವುದಿಲ್ಲ. ಶಹೀದ್ ದ್ವೀಪದ ಲಕ್ಷ್ಮಣಪುರದಲ್ಲಿ ಕಲ್ಲಿನ ಸೇತುವೆಯಂತೆ ತಾನಾಗಿಯೇ ಆದ ಕಮಾನು ಇದೆ. ಅದರ ಹತ್ತಿರ ಹೋಗಲು ಇಳಿತವೇ ಬೇಕು. ಕಲ್ಲಿನ ಹೊಂಡಗಳಲ್ಲಿ ನಿಂತ ನೀರಲ್ಲಿ ಮೀನು, ಏಡಿ, ಸಮುದ್ರ ಸೌತೆ ಕಾಣುತ್ತವೆ. ಅದಕ್ಕೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಹತ್ತಿರದ ದಿನ ಒಳ್ಳೆಯದು. ಗಂಟೆ, ನಿಮಿಷದ ಲೆಕ್ಕ ಬೇಕಾದರೆ ಉಬ್ಬರವಿಳಿತದ ವೇಳಾಪಟ್ಟಿ ಮೊಬೈಲ್‌ನಲ್ಲಿ ಸಿಗುತ್ತದೆ. ಥಾಯ್ಲೆಂಡ್‌ನ ಕೋ ಫಂಗನ್‌ಗೆ ಹೋಗುವವರು ಮಾತ್ರ ಹುಣ್ಣಿಮೆ ತಪ್ಪಿಸಿ. ಆ ರಾತ್ರಿ ಅಲ್ಲಿ ಸಾವಿರಾರು ಜನ ಸೇರುವ ಪಾರ್ಟಿ.

ಲಕ್ಷದ್ವೀಪದಲ್ಲಿ ಲೆಕ್ಕ ಸುಲಭ. ಹೆಚ್ಚಿನ ದ್ವೀಪಗಳಲ್ಲಿ ಲಗೂನ್ ಇರುವುದು ಪಶ್ಚಿಮಕ್ಕೆ. ಹವಳದ ದಿಬ್ಬ ಅಲೆಗಳನ್ನು ದೂರದಲ್ಲೇ ತಡೆಯುತ್ತದೆ, ಒಳಗೆ ಕೆರೆಯಂಥ ನೀರು. ಪೂರ್ವದ ದಡದಲ್ಲಿ ನೇರ ಕಡಲು. ಈಜು ಬಾರದವರು, ಮಕ್ಕಳಿರುವವರು ಲಗೂನ್ ಕಡೆಯ ಕೋಣೆಯನ್ನೇ ಕೇಳಿ.

ಇನ್ನೊಂದು ಕೆಲಸ. ಮೊಬೈಲ್‌ನ ನಕ್ಷೆಯಲ್ಲಿ ಉಪಗ್ರಹದ ಚಿತ್ರ ತೆರೆದು ಹೋಟೆಲ್ ಮುಂದಿನ ನೀರು ನೋಡಿ. ತಿಳಿ ನೀಲಿ ಇದ್ದರೆ ಮರಳು. ಕಂದು, ಕಪ್ಪು ಮಚ್ಚೆಗಳಿದ್ದರೆ ಕಲ್ಲು, ಹವಳ ಅಥವಾ ಹುಲ್ಲು. ಜೆಟ್ಟಿ ಎಷ್ಟು ಹತ್ತಿರ ಎಂಬುದೂ ಕಾಣುತ್ತದೆ. ಜೆಟ್ಟಿಯಿಂದ ಎರಡು ಕಿಲೋಮೀಟರ್ ಆಚೆಗಿದ್ದರೆ ಒಳ್ಳೆಯದು.

ಹೆಜ್ಜೆ 6: ಕೋಣೆ ಬುಕ್ ಮಾಡುವ ಮುಂಚೆ ಫೋನ್ ಮಾಡಿ

ಹೋಟೆಲ್‌ನವರು ಹಾಕಿದ ಚಿತ್ರ ಬಿಡಿ, ಉಳಿದು ಬಂದವರು ಹಾಕಿದ ಚಿತ್ರ ನೋಡಿ. ಅದೂ ನೀವು ಹೋಗುವ ತಿಂಗಳಲ್ಲೇ ತೆಗೆದದ್ದು. ಆಮೇಲೆ ಫೋನ್ ಮಾಡಿ ಇವನ್ನು ಕೇಳಿ:

- ಕೋಣೆಯಿಂದ ಮರಳಿಗೆ ಎಷ್ಟು ನಡೆಯಬೇಕು? ಮೆಟ್ಟಿಲು ಇವೆಯಾ?
- ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು? ಅದರ ಸದ್ದು ಕೋಣೆಗೆ ಕೇಳುತ್ತದೆಯಾ?
- ಸ್ನಾನದ ನೀರು ಸಿಹಿಯೋ ಉಪ್ಪೋ?
- ಅಕ್ಕಪಕ್ಕ ಕಟ್ಟಡದ ಕೆಲಸ ನಡೆಯುತ್ತಿದೆಯಾ? ರಾತ್ರಿ ಹಾಡು ಹಾಕುವ ಜಾಗ ಇದೆಯಾ?
- ದೋಣಿ ರದ್ದಾಗಿ ನಾವು ಬರಲು ಆಗದಿದ್ದರೆ ಹಣದ ಕಥೆ ಏನು?

ಕೊನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು, ಬರೆದು ಕಳಿಸಲು ಹೇಳಿ. ನಮ್ಮ ಮೊದಲ ಪ್ರವಾಸದಲ್ಲಿ ದೋಣಿ ರದ್ದಾದ ದಿನ ಎರಡು ಕಡೆ ಕೋಣೆ ಬಾಡಿಗೆ ಕಟ್ಟಿದೆವು. ಒಂದರಲ್ಲಿ ಮಲಗಲೇ ಇಲ್ಲ. ಆ ಹಣ ವಾಪಸ್ ಬರಲಿಲ್ಲ.

ಊಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಂಡಮಾನ್‌ನಲ್ಲಿ ಅನ್ನ, ಸಾರು, ದೋಸೆ ಸಿಗುತ್ತದೆ, ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಲಕ್ಷದ್ವೀಪಕ್ಕೆ ತರಕಾರಿ ದಡದಿಂದ ಹಡಗಿನಲ್ಲಿ ಬರಬೇಕು. ಮೀನು ತಿನ್ನದವರು ಮುಂಚೆಯೇ ಹೇಳಿಡಬೇಕು. ಅಮ್ಮ ಎಲ್ಲಿಗೆ ಹೋದರೂ ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಳ್ಳುತ್ತಾರೆ. ನೀವೂ ಕಟ್ಟಿಕೊಳ್ಳಿ. ಸಣ್ಣ ದ್ವೀಪಗಳಲ್ಲಿ ಎಟಿಎಂ ಕೈಕೊಡುವುದು ಮಾಮೂಲು. ನಗದು ಇರಲಿ.

ಹೆಜ್ಜೆ 7: ಎಷ್ಟು ರಾತ್ರಿ, ಯಾವ ಕ್ರಮದಲ್ಲಿ

ಒಂದು ದ್ವೀಪಕ್ಕೆ ನಾಲ್ಕು ರಾತ್ರಿಯಾದರೂ ಕೊಡಿ. ಮೊದಲ ದಿನ ಪ್ರಯಾಣದ ಸುಸ್ತು. ಎರಡನೇ ದಿನ ಎಲ್ಲವನ್ನೂ ನೋಡಿಬಿಡುವ ಆತುರ. ಮೂರನೇ ದಿನದಿಂದ ಮೈ ಮನಸ್ಸು ಸಡಿಲವಾಗುತ್ತವೆ. ಮೂರು ರಾತ್ರಿಗೆ ವಾಪಸ್ ಬಂದರೆ ಅಂಥ ದಿನ ಸಿಗುವುದು ಒಂದೇ. ನಾಲ್ಕು ದಿನವೇ ರಜೆ ಇರುವುದು ಎಂದರೆ ದ್ವೀಪದ ಯೋಚನೆ ಬಿಟ್ಟು ಗೋಕರ್ಣ, ಕಾರವಾರದ ಕಡೆ ಹೋಗಿ ಬನ್ನಿ. ನಿಜವಾಗಿಯೂ ಅದೇ ಒಳ್ಳೆಯದು.

ಅಂಡಮಾನ್‌ಗಾದರೆ ನನ್ನ ಕ್ರಮ ಹೀಗೆ. ಮೊದಲ ರಾತ್ರಿ ಪೋರ್ಟ್ ಬ್ಲೇರ್. ನಿದ್ದೆಗೆಟ್ಟು ಬಂದ ದಿನವೇ ದೋಣಿ ಹತ್ತಬೇಡಿ. ಸಂಜೆ ಸೆಲ್ಯುಲರ್ ಜೈಲಿಗೆ ಹೋಗಿ ಬನ್ನಿ. ಮರುದಿನ ಬೆಳಗಿನ ದೋಣಿ, ಬೆಳಿಗ್ಗೆ ಸಮುದ್ರ ಸಾಮಾನ್ಯವಾಗಿ ಶಾಂತ. ನಾಲ್ಕು ರಾತ್ರಿ ಒಂದೇ ದ್ವೀಪ. ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ದ್ವೀಪದಿಂದ ನೇರವಾಗಿ ಅದೇ ದಿನದ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ದೋಣಿ ಒಂದು ದಿನ ತಪ್ಪಿದರೆ ವಿಮಾನವೂ ತಪ್ಪುತ್ತದೆ.

ಬುಕ್ ಮಾಡುವಾಗ ವಿಮಾನ, ದೋಣಿ, ಕೋಣೆ ಮೂರನ್ನೂ ಒಂದೇ ದಿನ ಕೂತು ಮುಗಿಸಿ. ದೋಣಿಯಲ್ಲಿ ವಾಂತಿ ಬರುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಕೆಳಗಿನ ಅಂತಸ್ತಿನ ನಡುವಿನ ಸೀಟು ಕೇಳಿ, ಅಲ್ಲಿ ತೂಗಾಟ ಕಡಿಮೆ. ಎರಡನೇ ಸಲ ಅಮ್ಮನಿಗೆ ಇಷ್ಟರಿಂದಲೇ ಆರಾಮವಾಯಿತು.

ಅಂಡಮಾನ್‌ನಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ಗಡಿಯಾರ ನಮ್ಮದೇ, ನೆಲ ಮಾತ್ರ ಬಹಳ ಪೂರ್ವಕ್ಕೆ. ಫೆಬ್ರವರಿಯಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ ಐದೂವರೆಗೆ ಏಳುವವರಿಗೇ ಅಲ್ಲಿನ ಒಳ್ಳೆಯ ಹೊತ್ತೆಲ್ಲ ಸಿಗುವುದು.

ಹೆಜ್ಜೆ 8: ನಾಲೆಯ ಈಜು ಬೇರೆ, ಕಡಲ ಈಜು ಬೇರೆ

ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮ ಕಡೆಯ ಹುಡುಗರು ವಿಶ್ವೇಶ್ವರಯ್ಯ ನಾಲೆಯಲ್ಲಿ, ಕಾವೇರಿಯಲ್ಲಿ ಈಜು ಕಲಿತವರು. ನನ್ನ ಹೆಂಡತಿಯ ತಮ್ಮಂದಿರು ಮಂಡ್ಯದವರು, ಅವರೂ ಹಾಗೇ. ನಾಲೆಯ ನೀರು ಒಂದೇ ಕಡೆ ಹರಿಯುತ್ತದೆ, ದಡ ಕಣ್ಣಿಗೆ ಕಾಣುತ್ತದೆ. ಕಡಲಿನಲ್ಲಿ ಅಲೆ ದಡಕ್ಕೆ ತಂದ ನೀರು ಒಂದು ಕಿರಿದಾದ ಓಣಿಯಲ್ಲಿ ವಾಪಸ್ ಹೋಗುತ್ತದೆ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ, ಶಾಂತವಾಗಿ ಕಂಡರೆ ಅದೇ ಆ ಓಣಿ ಇರಬಹುದು. ಅಲ್ಲಿ ಇಳಿಯಬೇಡಿ. ಸಿಕ್ಕಿಕೊಂಡರೆ ದಡದ ಕಡೆ ನೇರವಾಗಿ ಈಜಬೇಡಿ, ತೋಳು ಸೋಲುತ್ತದೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ. ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಆಗದಿದ್ದರೆ ತೇಲಿಕೊಂಡು ಕೈ ಎತ್ತಿ ಕರೆಯಿರಿ.

ಲೈಫ್‌ಗಾರ್ಡ್ ಇರುವ ಕಡೆಯೇ ಇಳಿಯಿರಿ. ಕೆಂಪು ಬಾವುಟ ಇದ್ದರೆ ಕಾಲು ಒದ್ದೆ ಮಾಡಿಕೊಳ್ಳುವುದಕ್ಕೂ ಹೋಗಬೇಡಿ. ಅಂಡಮಾನ್‌ನ ಹಿನ್ನೀರು, ಮ್ಯಾಂಗ್ರೋವ್ ಕಾಡಿನ ಬಳಿ ಉಪ್ಪುನೀರಿನ ಮೊಸಳೆಗಳಿವೆ. ಫಲಕ ಹಾಕಿದ ಕಡೆ ಹೋಗಲೇಬೇಡಿ. ಮುಸ್ಸಂಜೆ ಮರಳಿನ ನೊಣ ಕಚ್ಚುತ್ತದೆ, ಕಾಲು ಮುಚ್ಚುವ ಬಟ್ಟೆ ಬೇಕು. ಸ್ಕೂಬಾ, ಅಂದರೆ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು, ಮಾಡುವವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನೀರಿನಿಂದ ಮೇಲೆ ಬಂದು 18 ಗಂಟೆಯಾದರೂ ಕಳೆಯದೆ ವಿಮಾನ ಹತ್ತಬಾರದು.

ಹವಳದ ಮೇಲೆ ನಿಲ್ಲಬೇಡಿ. ಅದು ಕಲ್ಲಿನಂತೆ ಕಂಡರೂ ಜೀವ. ಮಕ್ಕಳು ಜೇಬಿಗೆ ಹಾಕಿಕೊಂಡ ಹವಳದ ಚೂರುಗಳನ್ನು ಹೊರಡುವ ಹಿಂದಿನ ಸಂಜೆಯೇ ತೆಗೆಸಿ ಮರಳಿಗೆ ಬಿಡಿಸಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹವಳ ಮತ್ತು ಎಷ್ಟೋ ಬಗೆಯ ಚಿಪ್ಪುಗಳನ್ನು ತರುವುದು ಅಪರಾಧ, ಸತ್ತು ದಡಕ್ಕೆ ಬಿದ್ದದ್ದಾದರೂ ಸರಿ. ವಿಮಾನ ನಿಲ್ದಾಣದಲ್ಲಿ ಬ್ಯಾಗು ನೋಡುತ್ತಾರೆ. ಅಮ್ಮ ಒಂದು ಚಿಪ್ಪನ್ನು ಐದು ದಿನ ಕಿಟಕಿಯ ಮೇಲೆ ಇಟ್ಟುಕೊಂಡಿದ್ದರು. ಹೊರಡುವ ಬೆಳಿಗ್ಗೆ ತಾವೇ ಎದ್ದು ಹೋಗಿ, ಅದು ಸಿಕ್ಕಿದ ಜಾಗದಲ್ಲೇ ಇಟ್ಟು ಬಂದರು.